ನಗೆಗೂ ಲೆಕ್ಕವುಂಟು

ಪವಿತ್ರ ಕುರ್‌ಆನಿನ 49ನೆಯ ಅಧ್ಯಾಯವಾದ ‘ಅಲ್ ಹುಜುರಾತ್’ ಚಿಕ್ಕದು. ಅದರಲ್ಲಿರುವುದು 18 ವಚನಗಳು ಮಾತ್ರ. ನಮ್ಮ ಮದ್ರಸದ ಮಕ್ಕಳು ಕೆಲವೇ ದಿನಗಳಲ್ಲಿ ಅದನ್ನು ಬಾಯಿಪಾಠ ಮಾಡಿ ಒಪ್ಪಿಸಿಬಿಡುತ್ತಾರೆ. ಅದರ 11ನೆಯ ವಚನವು ಸತ್ಯವಿಶ್ವಾಸಿಗಳಿಗೆ ಮೂರು ಸಂಗತಿಗಳನ್ನು ನಿಷೇಧಿಸುತ್ತದೆ. ಒಬ್ಬರು ಇನ್ನೊಬ್ಬರನ್ನು ಗೇಲಿ ಮಾಡಬಾರದು, ಹೀಯಾಳಿಸಬಾರದು, ಕೆಟ್ಟ ಅಡ್ಡಹೆಸರಿನಿಂದ ಕರೆಯಬಾರದು. ಇದಕ್ಕೆ ಅಲ್ಲಿ ನೀಡಲಾದ ಕಾರಣ ಯಾರನ್ನಾದರೂ ಎಚ್ಚರಿಸುವಂಥದು: ನಗುವವರಿಗಿಂತ ನಗೆಗೀಡಾದವರೇ ಉತ್ತಮರಾಗಿರಬಹುದು. ಗಂಡಸರಿಗೂ ಹೆಂಗಸರಿಗೂ ಈ ಆಜ್ಞೆಯನ್ನು ಬೇರೆ ಬೇರೆಯಾಗಿ ಹೇಳಿರುವುದು ಗಮನಾರ್ಹ; ಯಾರೂ ತಮಗೆ ಇದು ಅನ್ವಯಿಸದೆಂದು ಜಾರಿಕೊಳ್ಳುವಂತಿಲ್ಲ.

ಮಕ್ಕಳಿಗೆ ಈ ವಚನವನ್ನು ಬೋಧಿಸುತ್ತಾ ಇಪ್ಪತ್ತು ವರ್ಷಗಳಾದವು. ಕುಂಟರನ್ನು, ಕುರುಡರನ್ನು, ಕಪ್ಪುಬಣ್ಣದವರನ್ನು, ಬಡವರನ್ನು ಗೇಲಿ ಮಾಡಬಾರದೆಂದರೆ ಮಕ್ಕಳು ಒಪ್ಪುತ್ತಾರೆ, ಹಿರಿಯರೂ ತಲೆದೂಗುತ್ತಾರೆ. ಆದರೆ ಒಂದು ಸಮುದಾಯದ ಪ್ರಸ್ತಾಪ ಬಂದೊಡನೆ ಸಭೆಯಲ್ಲಿ ಒಂದು ಕಿರುನಗೆ ಹರಿದಾಡುತ್ತದೆ. ಈ ವಚನದ ರಕ್ಷಣೆ ಅವರಿಗೆ ಸಲ್ಲದೆಂಬ ಭಾವ ಮುಖಗಳಲ್ಲಿ ಮೂಡುತ್ತದೆ. ಸರ್ಕಾರಿ ದಾಖಲೆಗಳಲ್ಲಿ ಅವರನ್ನು ಲಿಂಗತ್ವ ಅಲ್ಪಸಂಖ್ಯಾತರೆಂದೂ ಪತ್ರಿಕೆಗಳಲ್ಲಿ ಮಂಗಳಮುಖಿಯರೆಂದೂ ಕರೆಯುವುದುಂಟು. ಬೀದಿಯಲ್ಲಿ ಅವರನ್ನು ಕರೆಯುವ ಹೆಸರುಗಳು ಎಲ್ಲರಿಗೂ ಗೊತ್ತು. ಆ ನಗೆಯ ಕುರಿತು ನಾಲ್ಕು ಮಾತು ಬರೆಯಬೇಕೆಂದು ಬಹುಕಾಲದಿಂದ ಅನಿಸುತ್ತಿತ್ತು.

ಕಡೂರಿನವರಾದ ನಮಗೆ ಈ ವಿಷಯ ದೂರದ್ದೇನಲ್ಲ. 2021ರ ಜೂನ್ 15ರಂದು ನಟ ಸಂಚಾರಿ ವಿಜಯ್ ಅವರ ಅಂತ್ಯಕ್ರಿಯೆ ಸಕಲ ಸರ್ಕಾರಿ ಗೌರವಗಳೊಂದಿಗೆ ನಡೆದದ್ದು ನಮ್ಮ ತಾಲ್ಲೂಕಿನ ಪಂಚನಹಳ್ಳಿಯಲ್ಲಿ. ಬೆಂಗಳೂರಿನಲ್ಲಿ ಬೈಕ್ ಅಪಘಾತಕ್ಕೀಡಾಗಿ ಅವರು ಅಸುನೀಗಿದಾಗ ಅವರಿಗೆ ನಲವತ್ತು ವರ್ಷವೂ ತುಂಬಿರಲಿಲ್ಲ. ಕುಟುಂಬದವರು ಅವರ ಅಂಗಾಂಗಗಳನ್ನು ದಾನ ಮಾಡಿದರು. ಕೋವಿಡ್ಡಿನ ಎರಡನೆಯ ಅಲೆ ಎಲ್ಲೆಡೆ ಸಾವುನೋವು ತಂದಿದ್ದ ಆ ದಿನಗಳಲ್ಲಿ ಅವರು ಸಂಕಷ್ಟದಲ್ಲಿದ್ದವರಿಗೆ ನೆರವು ತಲುಪಿಸುವ ಕೆಲಸದಲ್ಲಿ ತೊಡಗಿದ್ದರೆಂಬುದನ್ನು ಅನೇಕರು ಸ್ಮರಿಸಿದರು. ಜಾತಿ ಮತಗಳ ಭೇದವಿಲ್ಲದೆ ಈ ಸೀಮೆಯ ಜನ ‘ನಮ್ಮ ಹುಡುಗ’ ಎಂದು ಕಣ್ಣೀರಿಟ್ಟರು.

ಆ ‘ನಮ್ಮ ಹುಡುಗ’ನಿಗೆ ಹೆಸರು ತಂದ ಚಿತ್ರ ಬಿ.ಎಸ್. ಲಿಂಗದೇವರು ನಿರ್ದೇಶಿಸಿದ ‘ನಾನು ಅವನಲ್ಲ... ಅವಳು’. ಅದರಲ್ಲಿನ ಅಭಿನಯಕ್ಕಾಗಿ 2014ನೆಯ ಸಾಲಿನ ಶ್ರೇಷ್ಠ ನಟ ರಾಷ್ಟ್ರಪ್ರಶಸ್ತಿ ಅವರಿಗೆ ಸಂದಿತು. ಕನ್ನಡ ಚಿತ್ರವೊಂದಕ್ಕಾಗಿ ಈ ಪ್ರಶಸ್ತಿ ಪಡೆದವರಲ್ಲಿ ಅವರು ಮೂರನೆಯವರು. ಅವರಿಗೆ ಮೊದಲು ಎಂ.ವಿ. ವಾಸುದೇವರಾವ್ ಮತ್ತು ಚಾರುಹಾಸನ್ ಅವರಿಗೆ ಅದು ದೊರೆತಿತ್ತು. ಚಿತ್ರಕ್ಕೆ ಆಧಾರ ತಮಿಳುನಾಡಿನ ಲಿವಿಂಗ್ ಸ್ಮೈಲ್ ವಿದ್ಯಾ ಅವರ ಆತ್ಮಕಥೆ. ಭಾಷಾವಿಜ್ಞಾನದಲ್ಲಿ ಸ್ನಾತಕೋತ್ತರ ಪದವಿ ಪಡೆದಿದ್ದ ಅವರು, ಗಂಡಾಗಿ ಹುಟ್ಟಿದರೂ ಹೆಣ್ಣೆಂದೇ ತಮ್ಮನ್ನು ತಾವು ಅರಿತ ಕಾರಣಕ್ಕೆ ಮನೆ ತೊರೆದು, ರೈಲುಗಳಲ್ಲಿ ಕೈ ಚಾಚಬೇಕಾಗಿ ಬಂತು. ಅಷ್ಟು ಓದಿದವರಿಗೂ ಚಪ್ಪಾಳೆ ತಟ್ಟಿ ಬೇಡುವುದನ್ನು ಬಿಟ್ಟು ಬೇರೆ ದಾರಿ ಉಳಿದಿರಲಿಲ್ಲ ಎಂಬುದನ್ನು ನಾವು ಮತ್ತೆ ಮತ್ತೆ ಯೋಚಿಸಬೇಕು.

ಸಿನಿಮಾ ನೋಡುವುದರ ಧಾರ್ಮಿಕ ವಿಧಿಯೇನು ಎಂಬ ಚರ್ಚೆಗೆ ಇಲ್ಲಿ ಅವಕಾಶವಿಲ್ಲ. ನಾವು ಹೇಳಹೊರಟಿರುವುದು ಒಂದು ವಿಚಿತ್ರ ಇಬ್ಬಂದಿತನದ ಬಗೆಗೆ. ನಮ್ಮ ತಾಲ್ಲೂಕಿನ ನಟ ಅಂಥವರ ಪಾತ್ರ ವಹಿಸಿ ಪ್ರಶಸ್ತಿ ತಂದಾಗ ಹೆಮ್ಮೆ. ಅಂಥವರೇ ಸಂತೆಯಲ್ಲಿ ಎದುರಾದಾಗ ಗೇಲಿ. ನಟನ ಅಭಿನಯಕ್ಕೆ ಕಣ್ಣೀರು, ಆ ಬಾಳನ್ನು ದಿನವೂ ಬಾಳುವವರಿಗೆ ಬೈಗುಳ. ಇದು ಒಂದು ಮತದವರ ಗುಣವಲ್ಲ. ಇಡೀ ಸಮಾಜದ ರೂಢಿ. ಆದರೆ ನಾಲಿಗೆಯಿಂದ ಹೊರಟ ಪ್ರತಿ ಮಾತೂ ದಾಖಲಾಗುತ್ತದೆಂದು ನಂಬುವವರು ಈ ರೂಢಿಯೊಳಗೆ ನೆಮ್ಮದಿಯಾಗಿರಲು ಹೇಗೆ ಸಾಧ್ಯ?

ಜನಪ್ರಿಯ ಮಾಧ್ಯಮಗಳು ಈ ರೂಢಿಯನ್ನು ಹುಟ್ಟುಹಾಕಿಲ್ಲದಿರಬಹುದು, ಪೋಷಿಸಿವೆ ಎಂಬುದಂತೂ ನಿಜ. ಹಾಸ್ಯ ಕಾರ್ಯಕ್ರಮಗಳಲ್ಲಿ ಗಂಡಸೊಬ್ಬ ಸೀರೆಯುಟ್ಟು, ಕೈ ತಟ್ಟಿ, ಕಣ್ಣು ಮಿಟುಕಿಸಿದರೆ ಸಾಕು, ನಗೆಯ ಅಲೆ ಏಳುತ್ತದೆ. ಹೆಣ್ಣಿನ ವೇಷವೇ ನಗೆಯ ಕಾರಣವೆನ್ನುವಂತಿಲ್ಲ. ಯಕ್ಷಗಾನದ ಸ್ತ್ರೀವೇಷವನ್ನು ಗಂಡಸರೇ ಧರಿಸುತ್ತಾ ಬಂದರು, ಕಂಪನಿ ನಾಟಕಗಳಲ್ಲೂ ಒಂದು ಕಾಲಕ್ಕೆ ಹಾಗೆಯೇ ನಡೆಯಿತು. ಪ್ರೇಕ್ಷಕರು ಅದನ್ನು ಕಲೆಯೆಂದು ಗೌರವಿಸಿದರು. ಹಾಸ್ಯ ಕಾರ್ಯಕ್ರಮದ ವೇಷ ನಗಿಸುವುದು ಒಂದು ಸಮುದಾಯದ ನಡಿಗೆಯನ್ನೂ ದನಿಯನ್ನೂ ಅಣಕಿಸಿ. ಮನೆಮಂದಿಯೆಲ್ಲ ಕೂತು ನೋಡುವ ಆ ಅಣಕವನ್ನು ಮಕ್ಕಳು ಮರುದಿನ ಶಾಲೆಗೆ ಒಯ್ಯುತ್ತಾರೆ.

ಸುದ್ದಿವಾಹಿನಿಗಳ ಭಾಷೆ ಇನ್ನೊಂದು ಬಗೆಯದು. ಎಲ್ಲೋ ಇಬ್ಬರು ರಸ್ತೆಯಲ್ಲಿ ಜಗಳವಾಡಿದರೆ ‘ಮಂಗಳಮುಖಿಯರ ಹಾವಳಿ’, ‘ಅಟ್ಟಹಾಸ’ ಎಂಬ ತಲೆಬರಹ ದಿನವಿಡೀ ತೆರೆಯ ಮೇಲೆ ಓಡುತ್ತದೆ. ತಪ್ಪು ಮಾಡಿದವರಿಗೆ ಹೆಸರಿದೆ, ವಿಳಾಸವಿದೆ, ಅವರ ಮೇಲೆ ಕಾನೂನು ಕ್ರಮ ಜರುಗಿಸಲಿ. ಬಲವಂತದಿಂದ ಹಣ ಕೀಳುವುದನ್ನು ಯಾರೂ ಸಮರ್ಥಿಸಲಾರರು. ಇಡೀ ಸಮುದಾಯವನ್ನೇಕೆ ತಲೆಬರಹಕ್ಕೆ ಎಳೆಯಬೇಕು? ಒಬ್ಬನ ಅಪರಾಧಕ್ಕೆ ಒಂದು ಸಮುದಾಯವೇ ಕಟಕಟೆಯಲ್ಲಿ ನಿಲ್ಲುವಾಗ ಆಗುವ ನೋವು ಎಂಥದೆಂದು ಈ ಲೇಖನ ಓದುತ್ತಿರುವವರಿಗೆ ಬಿಡಿಸಿ ಹೇಳಬೇಕಿಲ್ಲ. ಹುಜುರಾತ್ ಅಧ್ಯಾಯದ 12ನೆಯ ವಚನ ನಿಷೇಧಿಸಿರುವುದು ಇಂಥ ಗುಮಾನಿಯನ್ನೇ.

ಇನ್ನು ಮಾತಿನ ವಿಚಾರ. ಕನ್ನಡವನ್ನು ಪದವಿಗಾಗಿಯೂ ಫಾರಸಿಯನ್ನು ಮದ್ರಸದಲ್ಲಿಯೂ ಓದಿದ ನಮಗೆ ಒಂದು ಪದ ಸದಾ ಚುಚ್ಚುತ್ತದೆ. ಅದು ‘ಖೋಜಾ’. ಕನ್ನಡದಲ್ಲಿ ಇಂದು ಅದು ಬೈಗುಳ. ಅದರ ಮೂಲ ‘ಖ್ವಾಜಾ’. ಅರ್ಥ ಒಡೆಯ, ಗೌರವಾನ್ವಿತ. ಅಜ್ಮೀರಿನ ಸಂತರನ್ನೂ ಕಲಬುರಗಿಯ ಬಂದೇನವಾಜರನ್ನೂ ಇದೇ ಪದದಿಂದ ಸಂಬೋಧಿಸುತ್ತೇವೆ. ಮೊಗಲರ ಅರಮನೆಗಳಲ್ಲಿ ಅಂತಃಪುರದ ಆಡಳಿತ ನೋಡುತ್ತಿದ್ದ ನಪುಂಸಕ ಅಧಿಕಾರಿಗಳಿಗೆ ‘ಖ್ವಾಜಾಸರಾ’ ಎಂಬ ಪದವಿಯಿತ್ತು. ಮದೀನಾದಲ್ಲಿ ಪ್ರವಾದಿಯವರ(ಸ) ಮಸೀದಿಯ ಸೇವೆಯನ್ನು ‘ಆಗಾ’ಗಳೆಂಬ ನಪುಂಸಕ ಸೇವಕರು ಶತಮಾನಗಳ ಕಾಲ ನಡೆಸಿದರು. ಚಿಕ್ಕಂದಿನಲ್ಲೇ ಅವರ ದೇಹಕ್ಕೆ ಮಾಡಲಾದ ಕ್ರೌರ್ಯವನ್ನು ಯಾರೂ ಹೊಗಳಲಾರರು. ಇಸ್ಲಾಮ್ ಅದನ್ನು ನಿಷೇಧಿಸಿದೆ. ಆದರೂ ಪವಿತ್ರ ಸಮಾಧಿಯ ದೀಪ ಹಚ್ಚುವ ಕೈಗಳನ್ನು ಮುಸ್ಲಿಮ್ ಜಗತ್ತು ಗೌರವದಿಂದ ಕಂಡಿತು. ಆ ಗೌರವದ ಪದವೇ ನಮ್ಮ ಸಂತೆಬೀದಿಗೆ ಬರುವಷ್ಟರಲ್ಲಿ ಬೈಗುಳವಾಯಿತು.

ಇನ್ನೊಂದು ಬೈಗುಳ ‘ಒಂಬತ್ತು’. ಪಾಪದ ಅಂಕಿ! ಶಾಲೆಯಲ್ಲಿ ಹಾಜರಿ ಕರೆಯುವಾಗ ಒಂಬತ್ತನೆಯ ಸಂಖ್ಯೆ ಬಂದೊಡನೆ ಮಕ್ಕಳು ಕಿಸಕ್ಕನೆ ನಗುವುದನ್ನು ನಮ್ಮ ಸೀಮೆಯ ಯಾವ ಶಿಕ್ಷಕರನ್ನು ಕೇಳಿದರೂ ಹೇಳುತ್ತಾರೆ. ಇಷ್ಟು ಸಾಲದೆಂಬಂತೆ ಕೆಲವರು ಅವರನ್ನು ‘ಅದು’ ಎನ್ನುತ್ತಾರೆ. ಕನ್ನಡ ಎಂಥ ಘನವಾದ ಭಾಷೆ! ‘ಅವನು’ ಎನ್ನಲೋ ‘ಅವಳು’ ಎನ್ನಲೋ ಎಂಬ ಗೊಂದಲವಿದ್ದರೆ ಅದು ‘ಅವರು’ ಎಂಬ ಪದವನ್ನು ಇಟ್ಟುಕೊಂಡಿದೆ. ‘ಅವರು’ ಎಂಬುದಕ್ಕೆ ಗಂಡು ಹೆಣ್ಣೆಂಬ ಭೇದವಿಲ್ಲ. ‘ನೀವು’ ಎಂಬುದಕ್ಕೂ ಇಲ್ಲ. ಉರ್ದುವಿನ ‘ಆಪ್’ ಕೂಡ ಹಾಗೆಯೇ. ಗೌರವಿಸಲು ಮನಸ್ಸಿದ್ದವರಿಗೆ ವ್ಯಾಕರಣ ಎಂದೂ ಅಡ್ಡ ಬಂದಿಲ್ಲ.

ಹುಜುರಾತಿನ ಆ ವಚನದಲ್ಲಿ ಅಡ್ಡಹೆಸರಿನ ಪ್ರಸ್ತಾಪ ಬಂದ ಹಿನ್ನೆಲೆಯನ್ನು ಹದೀಸ್ ಗ್ರಂಥಗಳು ವಿವರಿಸುತ್ತವೆ. ಮದೀನಾದ ಬನೂ ಸಲಿಮಾ ಗೋತ್ರದವರಲ್ಲಿ ಒಬ್ಬೊಬ್ಬರಿಗೆ ಎರಡು ಮೂರು ಹೆಸರುಗಳಿದ್ದವು. ಪ್ರವಾದಿಯವರು(ಸ) ಒಬ್ಬರನ್ನು ಅವುಗಳಲ್ಲೊಂದು ಹೆಸರಿನಿಂದ ಕರೆದಾಗ, ಆ ಹೆಸರು ಅವರಿಗೆ ನೋವುಂಟುಮಾಡುತ್ತದೆಂದು ಜೊತೆಯಲ್ಲಿದ್ದವರು ತಿಳಿಸಿದರು. ಅನಂತರ ಈ ವಚನ ಅವತೀರ್ಣವಾಯಿತು. ಇಲ್ಲಿ ತಿಳಿಯಬೇಕಾದ ತತ್ತ್ವ ಸರಳ: ಹೆಸರು ಕೆಟ್ಟದೋ ಒಳ್ಳೆಯದೋ ಎಂಬುದನ್ನು ತೀರ್ಮಾನಿಸಬೇಕಾದವರು ಕರೆಯುವವರಲ್ಲ, ಕರೆಸಿಕೊಳ್ಳುವವರು.

ಅಣಕದ ಬಗೆಗೂ ಸ್ಪಷ್ಟವಾದ ಬೋಧನೆಯಿದೆ. ಹಝ್ರತ್ ಆಯಿಶಾ(ರ) ಒಮ್ಮೆ ಹಝ್ರತ್ ಸಫಿಯ್ಯಾ(ರ) ಅವರ ಗಿಡ್ಡತನವನ್ನು ಸೂಚಿಸುವ ಮಾತೊಂದನ್ನು ಆಡಿದಾಗ, ಆ ಮಾತನ್ನು ಸಮುದ್ರಕ್ಕೆ ಬೆರೆಸಿದರೆ ಸಮುದ್ರವೂ ಕೆಟ್ಟೀತೆಂಬ ಅರ್ಥದಲ್ಲಿ ಪ್ರವಾದಿಯವರು(ಸ) ಎಚ್ಚರಿಸಿದರು. ಇನ್ನೊಬ್ಬರ ಅಣಕ ಮಾಡಿ ತೋರಿಸಿದಾಗ, ಎಷ್ಟೇ ಸಂಪತ್ತು ಬಂದರೂ ಒಬ್ಬರನ್ನು ಅಣಕಿಸುವುದು ತಮಗೆ ಇಷ್ಟವಿಲ್ಲವೆಂದರು. ಅಬೂದಾವೂದ್ ಮತ್ತು ತಿರ್ಮಿದಿ ಸಂಗ್ರಹಗಳಲ್ಲಿರುವ ಈ ಹದೀಸನ್ನು ಓದಿದ ಮೇಲೂ ಕೈ ತಟ್ಟಿ ನಡು ಬಳುಕಿಸುವ ಅಣಕದ ವೀಡಿಯೊಗಳನ್ನು ಕುಟುಂಬದ ವಾಟ್ಸಾಪ್ ಗುಂಪಿಗೆ ಕಳುಹಿಸುವುದು ಹೇಗೆ ಸರಿಯಾದೀತು?

ಈ ನಗೆ ಎಲ್ಲಿಗೆ ಕೊಂಡೊಯ್ಯುತ್ತದೆ ಎಂಬುದನ್ನು ನಾವು ಒಂದು ಮಗುವಿನ ವಿಷಯದಲ್ಲಿ ಹತ್ತಿರದಿಂದ ಕಂಡಿದ್ದೇವೆ. ಕೆಲವು ವರ್ಷಗಳ ಹಿಂದೆ ಸಂಜೆಯ ಮದ್ರಸಕ್ಕೆ ಹನ್ನೆರಡು ವರ್ಷದ ಹುಡುಗನೊಬ್ಬ ಬರುತ್ತಿದ್ದ. ಅವನ ದನಿ ತೆಳು, ನಡಿಗೆ ಮೃದು. ಕುರ್‌ಆನ್ ಪಠಣದಲ್ಲಿ ತರಗತಿಗೇ ಮೊದಲಿಗ. ಶಾಲೆಯಲ್ಲಿ ಅವನಿಗೆ ಅಂಟಿದ ‘ಒಂಬತ್ತು’ ಎಂಬ ಹೆಸರು ಮದ್ರಸದ ಹೊಸ್ತಿಲನ್ನೂ ದಾಟಿ ಬಂತು. ಅದನ್ನು ಕೇಳಿದ ದಿನವೇ ನಾವು ಪಾಠ ನಿಲ್ಲಿಸಿ ಹುಜುರಾತ್ ಅಧ್ಯಾಯವನ್ನು ತೆರೆದೆವು. ಆದರೆ ಮರುವಾರ ಹುಡುಗ ಬರಲಿಲ್ಲ. ಅದರ ಮುಂದಿನ ವಾರವೂ ಬರಲಿಲ್ಲ.

ಮಸೀದಿಯ ಇಮಾಮರನ್ನು ಜೊತೆಗೆ ಕರೆದುಕೊಂಡು ಅವನ ಮನೆಗೆ ಹೋದೆವು. ತಂದೆ ಕೊಬ್ಬರಿ ವ್ಯಾಪಾರದವರು, ಐದು ಹೊತ್ತಿನ ನಮಾಝಿಗಳು, ಕೆಟ್ಟವರಲ್ಲ. ಮಗನನ್ನು ದೂರದ ಊರಿನ ಒಂದು ಗ್ಯಾರೇಜಿಗೆ ಕಳುಹಿಸಲು ಅವರು ನಿಶ್ಚಯಿಸಿದ್ದರು. “ಅಲ್ಲಿ ಕಬ್ಬಿಣ ಹಿಡಿದು ಗಟ್ಟಿಯಾಗಲಿ” ಎಂದರು. ಓದು ಬಿಡಿಸಬೇಡಿರೆಂದು ಇಮಾಮರು ಹೇಳಿದಾಗ ಅವರ ದನಿ ಕುಗ್ಗಿತು. “ಹಜ್ರತ್, ಅಂಗಡಿಗೆ ಕರೆದುಕೊಂಡು ಹೋದರೆ ಜನ ನಗುತ್ತಾರೆ. ಮದುವೆಗೆ ಕರೆದುಕೊಂಡು ಹೋದರೆ ನೆಂಟರು ನಗುತ್ತಾರೆ. ನಾನು ಎಷ್ಟು ದಿನ ಸಹಿಸಲಿ?” ಒಳಮನೆಯಿಂದ ತಾಯಿ ಹೇಳಿದ ಮಾತು ಮಾತ್ರ ಬೇರೆ: “ಹಜ್ರತ್, ಅವನು ಯಾರಿಗೆ ಏನು ಮಾಡಿದ್ದಾನೆ?”

ಆ ಮಾತಿಗೆ ಉತ್ತರ ಯಾರಲ್ಲಿಯೂ ಇರಲಿಲ್ಲ. ತಂದೆ ಮಗನನ್ನು ದ್ವೇಷಿಸುತ್ತಿರಲಿಲ್ಲ, ಊರವರ ನಗೆಗೆ ಹೆದರುತ್ತಿದ್ದರು. ಆ ಹುಡುಗ ಮುಂದೆ ಏನಾಗುವನೆಂಬುದು ಅಲ್ಲಾಹನಿಗೆ ಮಾತ್ರ ಗೊತ್ತು. ದನಿ ತೆಳುವಾಗಿದ್ದ ಮಾತ್ರಕ್ಕೆ ಒಂದು ಮಗುವಿನ ಮೇಲೆ ಯಾವ ಹಣೆಪಟ್ಟಿಯನ್ನೂ ಅಂಟಿಸುವ ಹಕ್ಕು ನಮಗಿಲ್ಲ. ಎರಡು ಮೂರು ಭೇಟಿಗಳ ಬಳಿಕ ಗ್ಯಾರೇಜಿನ ಮಾತು ನಿಂತಿತು. ಹುಡುಗ ಓದು ಮುಂದುವರಿಸಿ ಹತ್ತನೆಯ ತರಗತಿ ಮುಗಿಸಿದ. ತಂದೆ ಇಂದಿಗೂ ಅವನನ್ನು ಅಂಗಡಿಗೆ ಕರೆದೊಯ್ಯುವುದಿಲ್ಲ. ಮನೆಯಿಂದ ಹೊರಗೆ ಹಾಕಲೂ ಇಲ್ಲ. ಇಷ್ಟಕ್ಕೂ ಅಲ್ಲಾಹನಿಗೆ ಸ್ತುತಿ ಸಲ್ಲಿಸುತ್ತೇವೆ.

ಎಲ್ಲ ಮನೆಗಳಲ್ಲೂ ಹೀಗಾಗುವುದಿಲ್ಲ. ಮನೆಯಿಂದ ಹೊರಬಿದ್ದವರು ಎಲ್ಲಿಗೆ ತಲುಪುತ್ತಾರೆಂಬುದನ್ನು ನಮ್ಮ ರೈಲುಮಾರ್ಗದಲ್ಲಿ ಯಾರೂ ಕಾಣಬಹುದು. ಅರಸೀಕೆರೆ, ಕಡೂರು, ಬೀರೂರು, ಅಜ್ಜಂಪುರ ಎಂದು ಸಾಗುವ ಗಾಡಿಗಳಲ್ಲಿ ಅವರು ಚಪ್ಪಾಳೆ ತಟ್ಟುತ್ತಾ ಬರುತ್ತಾರೆ. ಕೆಲವರು ನಿದ್ದೆ ನಟಿಸುತ್ತಾರೆ, ಕೆಲವರು ಮೊಬೈಲ್ ಎತ್ತಿ ಚಿತ್ರೀಕರಿಸುತ್ತಾರೆ. ಹೊಸ ಮಗುವಿದ್ದ ತಾಯಂದಿರು ಮಾತ್ರ ಹತ್ತು ರೂಪಾಯಿ ಕೊಟ್ಟು ಮಗುವಿನ ತಲೆ ಮುಟ್ಟಿ ಹರಸಿರೆಂದು ಬೇಡುವುದನ್ನೂ ನಾವು ನೋಡಿದ್ದೇವೆ. ಹರಕೆ ಬೇಕು, ಹರಸುವವರು ಬೇಡ.

ಅಂಥ ಒಂದು ಪ್ರಯಾಣದಲ್ಲಿ ನಮ್ಮ ಟೋಪಿ, ಗಡ್ಡ ಕಂಡು ಒಬ್ಬರು ಸಲಾಮ್ ಹೇಳಿದರು. ವಯಸ್ಸು ಐವತ್ತು ದಾಟಿತ್ತು. ಮುಸ್ಲಿಮ್ ಮನೆತನದಲ್ಲಿ ಹುಟ್ಟಿದವರು. ಉತ್ತರವಾಗಿ ಸಲಾಮ್ ಹೇಳಿ ಜಾಗ ಬಿಟ್ಟೆವು. ಅವರು ಕೂರಲಿಲ್ಲ. “ಹಜ್ರತ್, ಒಂದು ಮಸ್‌ಅಲಾ ಕೇಳಬಹುದೇ?” ಎಂದರು. “ಕೇಳಿ ಆಪಾ” ಎಂದೆವು. “ನಮ್ಮಲ್ಲಿ ಯಾರಾದರೂ ತೀರಿಕೊಂಡರೆ ಜನಾಝ ನಮಾಝ್ ಓದಿಸಲು ಇಮಾಮರು ಬರಬೇಕೇ, ಬೇಡವೇ?” ಬರಲೇಬೇಕು, ಅದು ಆ ಊರಿನ ಮುಸಲ್ಮಾನರ ಹೊಣೆ ಎಂದೆವು. ಅವರು ಸ್ವಲ್ಪ ಹೊತ್ತು ಸುಮ್ಮನಿದ್ದರು. ಬಳಿಕ ಹೇಳಿದರು: “ನಮ್ಮವರ ಶವಕ್ಕೆ ಚಪ್ಪಲಿಯಿಂದ ಹೊಡೆಯುತ್ತೀರಂತೆ, ರಾತ್ರಿ ಕದ್ದು ಹೂಳುತ್ತೀರಂತೆ ಎಂದು ಮೊಬೈಲಿನಲ್ಲಿ ನೋಡಿದವರು ನಮ್ಮನ್ನೇ ಕೇಳುತ್ತಾರೆ. ನಮ್ಮ ಗುರು ಹೋದಾಗ ನಾವು ಯಾಸೀನ್ ಓದಿ ಅತ್ತೆವು, ಹಜ್ರತ್. ಹೊಡೆಯುತ್ತಾರೇನು ಯಾರಾದರೂ?” ಬೀರೂರು ಬಂತು, ಅವರು ಇಳಿದು ಹೋದರು.

ಅವರ ಮಸ್‌ಅಲಾಕ್ಕೆ ಉತ್ತರ ಹೊಸತೇನಲ್ಲ. ಹನಫೀ ಮದ್ರಸಗಳಲ್ಲಿ ಓದಿದವರೆಲ್ಲ ‘ಖುದೂರಿ’ಯನ್ನೂ ‘ಹಿದಾಯ’ವನ್ನೂ ಓದಿರುತ್ತಾರೆ. ಎರಡರಲ್ಲೂ ‘ಖುನ್ಸಾ’ ಎಂಬ ಪ್ರತ್ಯೇಕ ಪ್ರಕರಣವಿದೆ. ಗಂಡೋ ಹೆಣ್ಣೋ ಎಂದು ದೇಹದ ಕುರುಹುಗಳಿಂದ ನಿರ್ಧರಿಸಲಾಗದಂತೆ ಹುಟ್ಟಿದವರನ್ನು ಕುರಿತ ವಿಧಿಗಳು ಅಲ್ಲಿವೆ. ಅವರು ಜಮಾಅತ್ ನಮಾಝಿನಲ್ಲಿ ಗಂಡಸರ ಸಾಲಿಗೂ ಹೆಂಗಸರ ಸಾಲಿಗೂ ನಡುವೆ ನಿಲ್ಲಬೇಕು. ತೀರಿಕೊಂಡರೆ, ಸ್ನಾನ ಮಾಡಿಸುವವರು ಗಂಡಸರೋ ಹೆಂಗಸರೋ ಎಂಬ ಸಂದಿಗ್ಧವಿರುವುದರಿಂದ ತಯಮ್ಮುಮ್ ಮಾಡಿಸಬೇಕು. ಹೆಂಗಸರಿಗಿರುವಂತೆ ಐದು ಬಟ್ಟೆಗಳ ಕಫನ್ ಉತ್ತಮ. ಹಲವು ಜನಾಝಗಳು ಒಟ್ಟಿಗಿದ್ದರೆ ಗಂಡಸಿನ ಮತ್ತು ಹೆಂಗಸಿನ ಜನಾಝಗಳ ನಡುವೆ ಅವರದನ್ನು ಇಡಬೇಕು. ಆಸ್ತಿಯಲ್ಲಿಯೂ ಅವರಿಗೆ ಪಾಲುಂಟು.

‘ಹಿದಾಯ’ದ ಕರ್ತೃ ಇಮಾಮ್ ಮರ್ಗೀನಾನಿ ತೀರಿಕೊಂಡದ್ದು 1197ರಲ್ಲಿ. ಅವರಿಗಿಂತ ಬಹಳ ಹಿಂದೆಯೇ ನ್ಯಾಯಶಾಸ್ತ್ರಜ್ಞರು ಇಷ್ಟೆಲ್ಲ ಸೂಕ್ಷ್ಮವಾಗಿ ಯೋಚಿಸಿದ್ದೇಕೆ? ಯಾವ ಮುಸಲ್ಮಾನನೂ ಸಾಲಿನಿಂದ ಹೊರಗುಳಿಯಬಾರದು, ಯಾವ ಶವವೂ ಕಫನ್ ಇಲ್ಲದೆ ಮಣ್ಣಿಗೆ ಹೋಗಬಾರದು ಎಂಬ ಕಾಳಜಿಯಿಂದ. ವಿಧಿಗಳ ವಿವರಗಳಲ್ಲಿ ಇಂದಿನವರಿಗೆ ಪ್ರಶ್ನೆಗಳಿರಬಹುದು. ಆ ಪುಟಗಳಲ್ಲಿ ನಗೆ ಮಾತ್ರ ಎಲ್ಲಿಯೂ ಇಲ್ಲ.

ಇಬ್ನು ಹಿಶಾಮರ ಪ್ರವಾದಿ ಚರಿತ್ರೆಯಲ್ಲಿ ಇಸ್ಲಾಮ್‌ಪೂರ್ವ ಅರೇಬಿಯದ ಒಂದು ಪ್ರಸಂಗವಿದೆ. ಆಮಿರ್ ಬಿನ್ ಝರಿಬ್ ಎಂಬ ನ್ಯಾಯಾಧೀಶನ ಮುಂದೆ ಇಂಥವರೊಬ್ಬರ ಕುರಿತು ತೀರ್ಪು ಕೇಳಿ ಜನ ಬಂದರು. ಅವನಿಗೆ ಉತ್ತರ ತೋಚಲಿಲ್ಲ. ರಾತ್ರಿಯಿಡೀ ನಿದ್ದೆ ಬರದೆ ಹೊರಳಾಡಿದ. ಅವನ ಕುರಿ ಕಾಯುತ್ತಿದ್ದ ಸುಖೈಲಾ ಎಂಬ ದಾಸಿ ಕಾರಣ ಕೇಳಿ, ದೇಹದ ಸಹಜ ಕ್ರಿಯೆ ಯಾವ ಕಡೆಯದೋ ಅದನ್ನೇ ಆಧರಿಸಿ ನಿರ್ಣಯಿಸು ಎಂದು ದಾರಿ ತೋರಿಸಿದಳು. ಅದೇ ತತ್ತ್ವ ಮುಂದೆ ಫಿಕ್ಹ್ ಗ್ರಂಥಗಳಲ್ಲೂ ಸ್ಥಾನ ಪಡೆಯಿತು. ‘ಅಜ್ಞಾನಕಾಲ’ವೆಂದು ನಾವು ಕರೆಯುವ ಯುಗದ ಒಬ್ಬ ನ್ಯಾಯಾಧೀಶ ಅಂಥವರಿಗೆ ಅನ್ಯಾಯವಾಗಬಾರದೆಂದು ನಿದ್ದೆಗೆಟ್ಟ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕಾದುದೇ. ‘ಖುನ್ಸಾ ಎಂದರೆ ಹುಟ್ಟಿನಿಂದಲೇ ದೇಹದಲ್ಲಿ ವ್ಯತ್ಯಾಸವುಳ್ಳವರು, ಇಂದು ಲಿಂಗತ್ವ ಅಲ್ಪಸಂಖ್ಯಾತರೆನಿಸಿಕೊಳ್ಳುವವರೆಲ್ಲ ಹಾಗಲ್ಲ. ಹೆಂಗಸರನ್ನು ಅನುಕರಿಸುವ ಗಂಡಸರನ್ನೂ ಗಂಡಸರನ್ನು ಅನುಕರಿಸುವ ಹೆಂಗಸರನ್ನೂ ಪ್ರವಾದಿಯವರು(ಸ) ಶಪಿಸಿದ ಹದೀಸ್ ಬುಖಾರಿಯಲ್ಲಿಲ್ಲವೇ?’ ಇದೆ, ಅದನ್ನು ಮರೆಮಾಚುವುದು ವಿದ್ಯೆಗೆ ದ್ರೋಹ. ಆದರೆ ಆ ಹದೀಸನ್ನು ವಿದ್ವಾಂಸರು ಹೇಗೆ ಅರ್ಥೈಸಿದರೆಂಬುದನ್ನೂ ಮರೆಮಾಚಬಾರದು. ಇಮಾಮ್ ನವವಿಯವರು ಸಹೀಹ್ ಮುಸ್ಲಿಮಿನ ವ್ಯಾಖ್ಯಾನದಲ್ಲಿ ಎರಡು ಬಗೆಯವರನ್ನು ಬೇರ್ಪಡಿಸುತ್ತಾರೆ. ನಡೆ, ನುಡಿ, ಹಾವಭಾವಗಳಲ್ಲಿ ಹುಟ್ಟುಗುಣದಿಂದಲೇ ಹೆಣ್ಣನ್ನು ಹೋಲುವವರ ಮೇಲೆ ನಿಂದೆಯಿಲ್ಲ, ಪಾಪವಿಲ್ಲ, ಶಿಕ್ಷೆಯಿಲ್ಲ. ಏಕೆಂದರೆ ಅದರಲ್ಲಿ ಅವರ ಕೈವಾಡವಿಲ್ಲ. ಆ ಹದೀಸ್ ಉದ್ದೇಶಪೂರ್ವಕವಾಗಿ ವೇಷ ಕಟ್ಟುವವರನ್ನು ಕುರಿತದ್ದು ಎನ್ನುತ್ತಾರೆ.

ಶಸ್ತ್ರಚಿಕಿತ್ಸೆಯ ಪ್ರಶ್ನೆಯಲ್ಲೂ ಎಲ್ಲರದು ಒಂದೇ ಮಾತಲ್ಲ. 1980ರ ದಶಕದಲ್ಲಿಯೇ ಈಜಿಪ್ಟಿನ ಮುಫ್ತಿಗಳೂ ಇರಾನಿನ ವಿದ್ವಾಂಸರೂ ಈ ಪ್ರಶ್ನೆಯನ್ನು ಎದುರಿಸಿ ಬೇರೆ ಬೇರೆ ನಿಲುವು ತಳೆದರು. ನಮ್ಮ ದೇಶದ ಬಹುತೇಕ ಉಲಮಾಗಳು ಆರೋಗ್ಯವಂತ ದೇಹವನ್ನು ಬದಲಿಸುವುದನ್ನು ಒಪ್ಪುವುದಿಲ್ಲ. ಹುಟ್ಟಿನ ವ್ಯತ್ಯಾಸಕ್ಕೆ ಚಿಕಿತ್ಸೆ ಪಡೆಯುವುದನ್ನು ಒಪ್ಪುತ್ತಾರೆ. ಅಂಥ ಮಸ್‌ಅಲಾಗಳನ್ನು ಇತ್ಯರ್ಥಪಡಿಸುವ ಅರ್ಹತೆ ಒಬ್ಬ ಮದ್ರಸ ಅಧ್ಯಾಪಕನಿಗಿಲ್ಲ. ಆದರೆ ಒಂದು ಮಾತನ್ನು ಖಚಿತವಾಗಿ ಹೇಳಬಹುದು: ಈ ಭಿನ್ನಾಭಿಪ್ರಾಯಗಳಲ್ಲಿ ಯಾವುದೂ ಗೇಲಿಗೆ ಪರವಾನಗಿ ಕೊಡುವುದಿಲ್ಲ. ಒಂದು ಕೃತ್ಯವನ್ನು ಒಪ್ಪದಿರುವುದು ಬೇರೆ, ಒಬ್ಬ ಮನುಷ್ಯನನ್ನು ನಗೆಪಾಟಲು ಮಾಡುವುದು ಬೇರೆ. ಮೊದಲನೆಯದಕ್ಕೆ ವಿದ್ವಾಂಸರ ಆಧಾರವುಂಟು, ಎರಡನೆಯದಕ್ಕೆ ಯಾರ ಆಧಾರವೂ ಇಲ್ಲ. ಬಡ್ಡಿ ತಿನ್ನುವವರನ್ನು, ವರದಕ್ಷಿಣೆ ಕೇಳುವವರನ್ನು ಕಂಡು ಯಾರೂ ಬೀದಿಯಲ್ಲಿ ಕೇಕೆ ಹಾಕುವುದಿಲ್ಲ. ಅವರನ್ನು ಮದುವೆಯ ಊಟಕ್ಕೆ ಮುಂದಿನ ಸಾಲಿನಲ್ಲಿ ಕೂರಿಸುವ ಸಮಾಜಕ್ಕೆ ಇವರ ಮೇಲೆ ಮಾತ್ರ ಧರ್ಮದ ಕೋಪವೇಕೆ ಬರಬೇಕು?

ದೇಶದ ಕಾನೂನಾದರೂ ನಿಧಾನವಾಗಿ ದಾರಿ ಬದಲಿಸಿದೆ. ಬ್ರಿಟಿಷರು 1871ರ ಅಪರಾಧಿ ಬುಡಕಟ್ಟುಗಳ ಕಾಯಿದೆಯಲ್ಲಿ ಇವರ ಹೆಸರು, ವಿಳಾಸಗಳನ್ನು ಪೊಲೀಸರು ದಾಖಲಿಸಿಡುವಂತೆ ಮಾಡಿದ್ದರು. ಅಂಥದೇ ಯೋಚನೆಯ 36ಎ ಎಂಬ ಕಲಮು 2011ರಲ್ಲಿ ಕರ್ನಾಟಕ ಪೊಲೀಸ್ ಕಾಯಿದೆಗೂ ಸೇರಿತು. ಅದರ ವಿರುದ್ಧ ಸಮುದಾಯದವರು ಹೈಕೋರ್ಟಿಗೆ ಹೋದ ಬಳಿಕ ಅವರನ್ನು ಗುರುತಿಸುತ್ತಿದ್ದ ಪದವನ್ನು ಅದರಿಂದ ತೆಗೆಯಲಾಯಿತು. 2011ರ ಜನಗಣತಿಯಲ್ಲಿ ಗಂಡು ಹೆಣ್ಣಲ್ಲದೆ ‘ಇತರೆ’ ಎಂದು ದಾಖಲಾದವರು ದೇಶದಲ್ಲಿ 4,87,803 ಮಂದಿ, ಕರ್ನಾಟಕದಲ್ಲಿ 20,266 ಮಂದಿ. ಸುಪ್ರೀಂ ಕೋರ್ಟ್ 2014ರ ಏಪ್ರಿಲ್ 15ರಂದು ನೀಡಿದ ತೀರ್ಪಿನಲ್ಲಿ ಇವರ ಲಿಂಗಗುರುತನ್ನು ಮಾನ್ಯ ಮಾಡಿ, ಸಂವಿಧಾನದ ಹಕ್ಕುಗಳು ಇವರಿಗೂ ಸಲ್ಲುತ್ತವೆಂದು ಸಾರಿತು. ಕರ್ನಾಟಕ 2017ರಲ್ಲಿ ಒಂದು ನೀತಿಯನ್ನು ರೂಪಿಸಿತು. 2021ರಲ್ಲಿ ಸರ್ಕಾರಿ ನೇಮಕಾತಿಯಲ್ಲಿ ಶೇಕಡ 1 ಮೀಸಲಾತಿ ನೀಡಿ ಇತರ ರಾಜ್ಯಗಳಿಗೆ ಮಾದರಿಯಾಯಿತು. 2019ರಲ್ಲಿ ಸಂಸತ್ತು ಅಂಗೀಕರಿಸಿದ ಕಾಯಿದೆಯು ಶಿಕ್ಷಣ, ಉದ್ಯೋಗ, ಆರೋಗ್ಯಸೇವೆಗಳಲ್ಲಿ ತಾರತಮ್ಯವನ್ನು ನಿಷೇಧಿಸಿತು. ಇಂಥ ಮಗುವೆಂಬ ಕಾರಣಕ್ಕೆ, ನ್ಯಾಯಾಲಯದ ಆದೇಶವಿಲ್ಲದೆ ಯಾವ ಮಗುವನ್ನೂ ತಂದೆತಾಯಿಯರಿಂದ ಬೇರ್ಪಡಿಸುವಂತಿಲ್ಲ ಎಂದೂ ಅದು ಹೇಳಿತು. ಕೊಬ್ಬರಿ ವ್ಯಾಪಾರಿಯ ಮನೆಯಲ್ಲಿ ಕುಳಿತಾಗ ನಮಗೆ ನೆನಪಾದದ್ದು ಈ ಮಾತು.

ಕಾನೂನು ಮನೆಯ ಬಾಗಿಲವರೆಗೆ ಬರಬಲ್ಲದು, ಮನಸ್ಸಿನೊಳಗೆ ಬರಲಾರದು. ಮನಸ್ಸು ಬದಲಾಗಬೇಕಾದರೆ ಕಣ್ಣು ಬೇರೆಯದನ್ನು ನೋಡಬೇಕು. ಬಳ್ಳಾರಿ ಸೀಮೆಯ ಮಂಜಮ್ಮ ಜೋಗತಿಯವರು ಮನೆಯಿಂದ ಹೊರಬಿದ್ದು, ಬೇಡಿ ಬದುಕಿ, ಜೋಗತಿ ನೃತ್ಯವನ್ನು ಕಲಿತು, 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು. 2021ರಲ್ಲಿ ಪದ್ಮಶ್ರೀ ಸ್ವೀಕರಿಸುವಾಗ ತಮ್ಮ ಸೆರಗಿನಿಂದ ರಾಷ್ಟ್ರಪತಿಗಳ ದೃಷ್ಟಿ ತೆಗೆದರು. ದೃಷ್ಟಿ ತೆಗೆಯುವ ಆ ಪದ್ಧತಿ ನಮ್ಮ ನಂಬಿಕೆಯದಲ್ಲ. ಅದರಲ್ಲಿದ್ದ ಹರಕೆ ಎಲ್ಲರಿಗೂ ಅರ್ಥವಾಯಿತು. ಆ ದೃಶ್ಯವೂ ಎಲ್ಲರ ಮೊಬೈಲುಗಳಲ್ಲಿ ಹರಿದಾಡಿತು. ಅದನ್ನು ನೋಡಿದ ಕಣ್ಣಿಗೆ ಅಣಕದ ವೀಡಿಯೊ ರುಚಿಸಬಾರದು.

ಓದುಗರಲ್ಲಿ ನಮ್ಮ ಬಿನ್ನಹ ದೊಡ್ಡದೇನಲ್ಲ. ಮನೆಯಲ್ಲಿ ಮಕ್ಕಳ ಮುಂದೆ ಇವರ ಕುರಿತು ಮಾತಾಡುವಾಗ ‘ಅವರು’ ಎನ್ನಿರಿ. ಅಣಕದ ವೀಡಿಯೊ ಬಂದರೆ ಅದು ನಿಮ್ಮ ಮೊಬೈಲಿನಲ್ಲೇ ಕೊನೆಯಾಗಲಿ. ಮೃದುದನಿಯ ಮಗುವಿಗೆ ತರಗತಿಯಲ್ಲಿ ಅಡ್ಡಹೆಸರು ಬಿದ್ದರೆ ಅದನ್ನು ಮಕ್ಕಳಾಟವೆಂದು ಶಿಕ್ಷಕರು ತಳ್ಳಿಹಾಕದಿರಲಿ. ರೈಲಿನಲ್ಲಿ ಕೈ ಚಾಚುವ ಅನೇಕರ ಪಯಣ ಆರಂಭವಾದದ್ದು ಅಂಥ ಒಂದು ಹೆಸರಿನಿಂದಲೇ. ಹುಜುರಾತಿನ ಈ ವಚನವನ್ನು ಕುರಿತು ಖತೀಬರು ಒಂದು ಶುಕ್ರವಾರವಾದರೂ ಮಾತಾಡಲಿ, ಮಾತಾಡುವಾಗ ಇವರ ಹೆಸರನ್ನೂ ಎತ್ತಲಿ. ಎಲ್ಲಕ್ಕೂ ಮಿಗಿಲಾಗಿ, ಕಡೂರು, ತರೀಕೆರೆ, ಅಜ್ಜಂಪುರ ಸೀಮೆಯ ಮಸೀದಿ ಸಮಿತಿಗಳು ಒಂದು ನಿರ್ಣಯವನ್ನು ತಮ್ಮ ಪುಸ್ತಕದಲ್ಲಿ ಬರೆದಿಡಲಿ: ನಮ್ಮ ಊರಿನಲ್ಲಿ ತೀರಿಕೊಂಡ ಮುಸಲ್ಮಾನರು ಯಾರೇ ಆಗಿರಲಿ, ಅವರ ಕಫನ್, ಜನಾಝ, ದಫನ್ ನಮ್ಮ ಹೊಣೆ, ಅದಕ್ಕಾಗಿ ಯಾರೂ ಮುಂಚಿತವಾಗಿ ಬಂದು ಕೇಳಬೇಕಾಗಿಲ್ಲ.

ನಾಳೆ ಅಲ್ಲಾಹನ ಮುಂದೆ ನಮಾಝಿನ ಲೆಕ್ಕ ಕೊಡಬೇಕು, ಸಂಪತ್ತಿನ ಲೆಕ್ಕ ಕೊಡಬೇಕು ಎಂದು ನಾವು ಸದಾ ಹೇಳುತ್ತಿರುತ್ತೇವೆ. ನಗೆಗೂ ಲೆಕ್ಕವುಂಟು. ಯಾರ ನಗೆಯಿಂದ ಒಂದು ಮಗು ಮನೆ ಬಿಟ್ಟಿತೋ, ಯಾರ ನಗೆಗೆ ಅಂಜಿ ಒಬ್ಬ ತಂದೆ ಮಗನ ಕೈ ಬಿಟ್ಟನೋ, ಆ ಲೆಕ್ಕದ ಪುಸ್ತಕವನ್ನು ಅಂದು ತೆರೆಯಲಾಗುವುದು. ಆ ದಿನ ಆ ಪುಟಗಳಲ್ಲಿ ನಮ್ಮಾರ ಹೆಸರೂ ಇಲ್ಲದಂತೆ, ನಮ್ಮ ನಾಲಿಗೆಗಳನ್ನು ಇಂದೇ ಕಾಯುವ ಸೌಭಾಗ್ಯವನ್ನು ಅಲ್ಲಾಹನು ಎಲ್ಲರಿಗೂ ಕರುಣಿಸಲಿ. ಆಮೀನ್.